ಸೈಟ್ ಇದೆ, ಊರಿನ ನಕ್ಷೆ ಎಲ್ಲಿದೆ?

ವಾರಕ್ಕೆ ಒಂದಾದರೂ ಪೋಸ್ಟರ್ ನಮ್ಮ ವಾಟ್ಸಾಪಿಗೆ ಬರುತ್ತೆ. ಹಿಂದೆ ಯಾವುದೋ ಫಾರಿನ್ ಬಂಗಲೆಯ ಫೋಟೋ, ಮುಂದೆ ಕೆಂಪಕ್ಷರದಲ್ಲಿ "30×40 ಸೈಟುಗಳು ಲಭ್ಯ", ಕೆಳಗೆ ಬಸ್‌ಸ್ಟ್ಯಾಂಡಿನಿಂದ ಎಷ್ಟು ನಿಮಿಷ ಅಂತ. ಊರು ಮಾತ್ರ ಬದಲಾಗುತ್ತೆ: ಒಮ್ಮೆ ಕೂಡ್ಲಿಗಿ, ಒಮ್ಮೆ ಕೊಟ್ಟೂರು, ಒಮ್ಮೆ ಹರಪನಹಳ್ಳಿ. ಕುಡಿಯೋ ನೀರು ಎಲ್ಲಿಂದ ಬರುತ್ತೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಒಂದು ಪೋಸ್ಟರಿನಲ್ಲೂ ನಾವು ಇವತ್ತಿನವರೆಗೆ ಓದಿಲ್ಲ.

ಈ ಕ್ಯಾಂಪಸ್ಸಿನಲ್ಲಿ ಪಶ್ಚಿಮ ತಾಲೂಕುಗಳಿಂದ ಬಂದವರು ನಾವು ಕೆಲವರಿದ್ದೇವೆ. ನಮ್ಮ ಮನೆಗಳಲ್ಲಿ ಉಳಿತಾಯ ಅಂದರೆ ಬ್ಯಾಂಕಿನ ಎಫ್‌ಡಿ ಅಲ್ಲ, ಒಂದು ಸೈಟು. 2021ರ ಫೆಬ್ರವರಿಯಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆ ಆದಮೇಲಂತೂ ಹಬ್ಬಕ್ಕೆ ಸೇರಿದ ನೆಂಟರೆಲ್ಲ ಜಮೀನಿನ ರೇಟೇ ಮಾತಾಡೋದು. ಆದರೆ ನಮ್ಮ ಊರು ಇನ್ನು ಹತ್ತು ವರ್ಷಕ್ಕೆ ಯಾವ ಕಡೆ ಬೆಳೆಯಬೇಕು ಅಂತ ತೋರಿಸೋ ನಕ್ಷೆಯನ್ನು ಯಾರಾದರೂ ನೋಡಿದ್ದೀರಾ ಅಂತ ನಮ್ಮ ನಮ್ಮಲ್ಲೇ ಕೇಳಿಕೊಂಡೆವು. ಐದು ಊರಿನವರಲ್ಲಿ ಒಬ್ಬರೂ ನೋಡಿಲ್ಲ.

ಹರಪನಹಳ್ಳಿಯವರ ಕಥೆ ಇದರಲ್ಲಿ ವಿಚಿತ್ರ. 1997ರಲ್ಲಿ ಆ ತಾಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು. ಆಮೇಲೆ ಹೈದರಾಬಾದ್ ಕರ್ನಾಟಕಕ್ಕೆ 371ಜೆ ಬಂದಾಗ ಅದು ಹೊರಗೆ ಉಳಿಯಿತು. ವರ್ಷಗಟ್ಟಲೆ ಹೋರಾಟ ನಡೆದು 2018ರಲ್ಲಿ ವಾಪಸ್ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ. ಯಾವ ಜಿಲ್ಲೆಯ ಮ್ಯಾಪಿನಲ್ಲಿ ನಾವಿರಬೇಕು ಅಂತ ಬಂದ್ ಮಾಡಿದ, ಧರಣಿ ಕೂತ ಜನ ಅವರು. ಅದು ಸರಿಯಾದ ಹೋರಾಟವೇ, ಅದರ ಫಲ ನಮ್ಮ ಎಷ್ಟೋ ಸೀಟುಗಳಲ್ಲಿ ಇದೆ. ಆದರೆ ಊರಿನ ಒಳಗಿನ ಮ್ಯಾಪಿಗಾಗಿ ಯಾರೂ ಒಂದು ದಿನ ಧರಣಿ ಕೂತಿದ್ದು ನಮಗೆ ಗೊತ್ತಿಲ್ಲ.

ಕಾನೂನು ಇಲ್ಲ ಅಂತಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಯಾಯ್ತು. ಅದರ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಟ್ಟ 18 ಕೆಲಸಗಳಲ್ಲಿ ಮೊದಲನೆಯದೇ ನಗರ ಯೋಜನೆ. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅದಕ್ಕೂ ಹಳೆಯದು, 1961ರದ್ದು. ಯೋಜನಾ ಪ್ರದೇಶ ಅಂತ ಘೋಷಣೆಯಾದ ಕಡೆ ಮಹಾಯೋಜನೆ ಮಾಡಬೇಕು, ಕರಡನ್ನು ಪ್ರಕಟಿಸಿ ಜನರಿಗೆ 60 ದಿನ ಆಕ್ಷೇಪಣೆಗೆ ಕೊಡಬೇಕು, ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ನಮ್ಮದೇ ಜಿಲ್ಲೆಯ ಹಂಪಿಗೆ 2002ರ ಒಂದು ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ಪ್ರಾಧಿಕಾರ, ಮಹಾಯೋಜನೆ ಎಲ್ಲ ಇದೆ. ಹಾಳಾದ ಪಟ್ಟಣಕ್ಕೆ ಇಷ್ಟು ಕಾಳಜಿ, ಬೆಳೀತಿರೋ ಪಟ್ಟಣಗಳು ಮಾತ್ರ ಪೋಸ್ಟರ್ ಮಾಡುವವರ ಕೈಯಲ್ಲಿ! (ಹಂಪಿಗೆ ಬೇಡ ಅಂತ ನಾವು ಹೇಳ್ತಿಲ್ಲ, ದಯವಿಟ್ಟು ಜಗಳಕ್ಕೆ ಬರಬೇಡಿ.)

ಪಟ್ಟಣ ಪಂಚಾಯ್ತಿಯನ್ನೇ ಬೈದು ಮುಗಿಸೋದು ಸುಲಭ. ಲೇಔಟಿಗೆ ಒಪ್ಪಿಗೆ ಮೇಲಿನ ಆಫೀಸಿನಿಂದ ಬರುತ್ತೆ, ಬೀದಿ ದೀಪ ಕೆಟ್ಟಾಗ ಜನ ಬೈಯೋದು ವಾರ್ಡ್ ಸದಸ್ಯರನ್ನ. ನಗರ ಯೋಜನೆ ಓದಿದ ಒಬ್ಬರೂ ಇಲ್ಲದ ಆಫೀಸಿನಲ್ಲಿ ಜೂನಿಯರ್ ಇಂಜಿನಿಯರ್ ಒಬ್ಬರೇ ನೀರು, ರಸ್ತೆ, ಬಿಲ್ಲು ಎಲ್ಲ ನೋಡಬೇಕು. ಅದೂ ಅಲ್ಲದೆ, 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಎಲೆಕ್ಷನ್ ಆಯ್ತು, ಮೀಸಲಾತಿ ಕೇಸಿನಿಂದಾಗಿ 2020ರವರೆಗೆ ಅಧ್ಯಕ್ಷರೇ ಇರಲಿಲ್ಲ. ಗೆದ್ದವರು ಮನೆಯಲ್ಲಿ, ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿ. ಆ ಎರಡು ವರ್ಷ ಲೇಔಟುಗಳೇನೂ ಕಾಯ್ತಾ ಕೂರಲಿಲ್ಲ.

ಈಗ ನಮ್ಮ ಸಿಲಬಸ್ಸಿಗೆ ಬರೋಣ. ಸಿವಿಲ್‌ನವರಿಗೆ ಗೊತ್ತು, ಹೊಲದ ಮೇಲೆ ಬಿದ್ದ ಮಳೆಯಲ್ಲಿ ಸುಮಾರು ಮೂರನೇ ಒಂದು ಭಾಗ ಹರಿದು ಹೋಗುತ್ತೆ ಅಂತ ಲೆಕ್ಕ ಹಿಡಿದರೆ, ಅದೇ ಜಾಗಕ್ಕೆ ಕಾಂಕ್ರೀಟು, ತಾರಸಿ ಬಂದಮೇಲೆ ಮುಕ್ಕಾಲಿಗೂ ಹೆಚ್ಚು ಹಿಡಿಯಬೇಕು. ಮಳೆ ಅಷ್ಟೇ, ಚರಂಡಿಗೆ ಬರೋ ನೀರು ಎರಡು ಪಟ್ಟಿಗೂ ಮೇಲೆ. "ನಮ್ಮದು ಬರಗಾಲದ ಸೀಮೆ, ಚರಂಡಿ ಯಾಕೆ ದೊಡ್ಡದು" ಅಂತಾರೆ. ನಮ್ಮ ಕಡೆ ಮಳೆ ಕಡಿಮೆ ನಿಜ, ಆದರೆ ಬಂದಾಗ ಒಂದೇ ಸಂಜೆಗೆ ಸುರಿದು ಹೋಗುತ್ತೆ. ಆ ನೀರು ಮೊದಲು ಹಳ್ಳ ಹಿಡಿದು ಕೆರೆಗೆ ಹೋಗ್ತಿತ್ತು. ಕೂಡ್ಲಿಗಿ ತಾಲೂಕಿನ 74 ಕೆರೆಗಳಿಗೆ ತುಂಗಭದ್ರೆಯಿಂದ ಪೈಪಿನಲ್ಲಿ ನೀರು ತುಂಬಿಸೋ ಯೋಜನೆಗೆ ಸರ್ಕಾರ ಕೋಟಿಗಟ್ಟಲೆ ಹಾಕುತ್ತೆ. ಅದೇ ಹೊತ್ತಿಗೆ ಕೆರೆಗೆ ಪುಕ್ಕಟೆ ನೀರು ತರ್ತಿದ್ದ ಹಳ್ಳದ ಮೇಲೆ ಸೈಟಿನ ಕಲ್ಲು ನೆಡೋಕೆ ಬಿಡೋದು ಯಾವ ಲೆಕ್ಕ? ಹಡಗಲಿಯಲ್ಲಿ ಇನ್ನೊಂದು ಥರ. ಅಲ್ಲಿನ ಮಲ್ಲಿಗೆಗೆ ಜಿಐ ಟ್ಯಾಗ್ ಇದೆ. ಹೂವಿಗೆ ರಕ್ಷಣೆ ಕೊಟ್ಟು, ಹೂ ಬಿಡೋ ಊರಂಚಿನ ತೋಟಕ್ಕೆ ಏನೂ ಇಲ್ಲ ಅಂದರೆ ಹೆಸರು ಬೋರ್ಡಿನ ಮೇಲಷ್ಟೇ ಉಳಿಯುತ್ತೆ.

ಕೊಟ್ಟೂರಿನ ತೇರು ಬೀದಿ ನೋಡಿ. ಕೊಟ್ಟೂರೇಶ್ವರನ ತೇರು ಹಾದುಹೋಗಬೇಕು ಅನ್ನೋ ಕಾರಣಕ್ಕೆ ಅಲ್ಲಿ ಯಾರೂ ಕಟ್ಟೆ ಮುಂದೆ ಹಾಕಲ್ಲ. ವರ್ಷಕ್ಕೊಮ್ಮೆ ಬರೋ ತೇರಿಗೆ ಇರೋ ಭಯ, ದಿನಾ ಬರಬೇಕಾದ ಆಂಬ್ಯುಲೆನ್ಸಿಗೆ ಹೊಸ ಲೇಔಟಿನಲ್ಲಿ ಇಲ್ಲ.

ಇದಕ್ಕೆ ಒಂದು ಉತ್ತರ ಇದೆ, ಅದು ಸುಳ್ಳೂ ಅಲ್ಲ: ರೂಲ್ಸ್ ಪ್ರಕಾರ ಮಾಡಿದ ಲೇಔಟಿನ ಸೈಟು ಕೂಲಿಯವರಿಗೆ, ಸಣ್ಣ ಅಂಗಡಿಯವರಿಗೆ ಎಟುಕಲ್ಲ. ಆಶ್ರಯ ಮನೆಯ ಪಟ್ಟಿಯಲ್ಲಿ ಹೆಸರು ಬರೋಷ್ಟರಲ್ಲಿ ಮಕ್ಕಳ ಮದುವೆ ಆಗಿರುತ್ತೆ. ಹಾಗಾಗಿ 2025ರ ಫೆಬ್ರವರಿಯಲ್ಲಿ ಸರ್ಕಾರ ಅನಧಿಕೃತ ಸೈಟುಗಳಿಗೆ ಬಿ-ಖಾತಾ ಕೊಡೋಕೆ ಮೂರು ತಿಂಗಳ ಅಭಿಯಾನ ಮಾಡಿದ್ದನ್ನು ನಾವು ವಿರೋಧಿಸಲ್ಲ. ಮನೆ ಕಟ್ಟಿಕೊಂಡವರನ್ನು ಬೀದಿಗೆ ಹಾಕೋಕಾಗಲ್ಲ. ಆದರೆ ಬಿ-ಖಾತಾ ಕೊಟ್ಟರೆ ತೆರಿಗೆ ಬರುತ್ತೆ, ಚರಂಡಿ ಬರಲ್ಲ. ಪಾರ್ಕಿಗೆ, ಅಂಗನವಾಡಿಗೆ ಬಿಡದೇ ಇದ್ದ ಜಾಗ ಮತ್ತೆ ಹುಟ್ಟಲ್ಲ. ಬಡವರಿಗೆ ಸೈಟು ಬೇಕು ಅಂದರೆ ಊರಿನ ಹತ್ತಿರ ಸರ್ಕಾರವೇ ಮೊದಲು ಜಾಗ ಹಿಡಿದಿಡಬೇಕು, ರೇಟು ಏರಿದ ಮೇಲೆ ಅಲ್ಲ.

ಈ ಪ್ರದೇಶಕ್ಕೆ ಊರು ಕಟ್ಟೋದು ಹೊಸದೇನಲ್ಲ. 1953ರಲ್ಲಿ ಮುಗಿದ ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ ನಾರಾಯಣದೇವರಕೆರೆ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದರು. ಮುಳುಗೋ ಗೆರೆ ಎಲ್ಲಿ ಬರುತ್ತೆ ಅಂತ ನೀರು ಬರೋ ಮೊದಲೇ ಗುರುತು ಹಾಕಿದ್ದರು. ಈಗ ಡ್ರೋನು, ಸ್ಯಾಟಲೈಟು ಎಲ್ಲ ಇರೋ ಕಾಲದಲ್ಲಿ ಹಳ್ಳ ಎಲ್ಲಿ ಹರಿಯುತ್ತೆ ಅಂತ ಗುರುತು ಹಾಕೋಕೆ ಏನು ಕಷ್ಟ?

ನಾವು ಕೇಳೋದು ಫ್ಲೈಓವರ್ ಅಲ್ಲ. ಐದೂ ಊರಿನ ಪಟ್ಟಣ ಪಂಚಾಯ್ತಿ, ಪುರಸಭೆಗಳ ಬಾಗಿಲಲ್ಲಿ ಕನ್ನಡದಲ್ಲಿ ಒಂದು ದೊಡ್ಡ ನಕ್ಷೆ ಹಾಕಲಿ: ಕೆರೆ, ಹಳ್ಳ, ಒಪ್ಪಿಗೆ ಇರೋ ಲೇಔಟು, ಇಲ್ಲದ ಲೇಔಟು, ಮುಂದೆ ರಸ್ತೆ ಬರೋ ಜಾಗ. ಸೈಟಿಗೆ ಅಡ್ವಾನ್ಸ್ ಕೊಡೋ ಮೊದಲು ಮನೆಯವರು ಅಲ್ಲಿ ಹೋಗಿ ಬೆರಳಿಟ್ಟು ನೋಡುವಂತಿರಲಿ. ಸರ್ವೆಗೆ ಜನ ಇಲ್ಲ ಅಂದರೆ ಟೋಟಲ್ ಸ್ಟೇಷನ್ ಹಿಡಿಯೋಕೆ ಬರೋ ಹುಡುಗ ಹುಡುಗಿಯರು ಈ ಕಾಲೇಜಿನಲ್ಲೇ ಇದ್ದಾರೆ, ಸೆಮಿಸ್ಟರ್ ರಜೆಯೂ ಇದೆ. ಮೊದಲು ಕೂಡ್ಲಿಗಿಯಿಂದ ಶುರು ಮಾಡೋಣ ಅಂತ ನಮ್ಮಲ್ಲಿ ಕೆಲವರು, ಕೊಟ್ಟೂರಿನಿಂದ ಅಂತ ಇನ್ನು ಕೆಲವರು. ಆ ಜಗಳ ಇನ್ನೂ ಮುಗಿದಿಲ್ಲ. ಬರೋರು ಕ್ಲಬ್ಬಿನಲ್ಲಿ ಹೆಸರು ಕೊಡಿ.