ಬಕೈಸ್ ಡಿಫೆನ್ಸಿನ ಬಗ್ಗೆ ನಂದೂ ಒಂದ ಮಾತು

ಬರೋ ಶನಿವಾರ, ಆಗಸ್ಟ್ 30ಕ್ಕ, ಮಧ್ಯಾಹ್ನ ಹನ್ನೆರಡಕ್ಕ ಓಹಾಯೋ ಸ್ಟೇಟ್ ಮತ್ತ ಟೆಕ್ಸಸ್ ಆಟ ಅದ. ಕೊಲಂಬಸ್ಸಿನ ನಮ್ಮ ಮನ್ಯಾಗ ಹತ್ತು-ಹನ್ನೆರಡು ಮಂದಿ ಕೂಡವರಿದ್ದಾರ. ಗಿರ್ಮಿಟ್ಟು, ಮಿರ್ಚಿ ಭಜಿ ನಂದು, ಅಭಿಪ್ರಾಯ ಎಲ್ಲಾ ಗಂಡಸರದು. ಹೋದ ವಾರ ನಮ್ಮವರು ಗೆಳ್ಯಾರ ಜೋಡಿ ಕೂತು "ಈ ಸಲ ಬಕೈಸ್ ಡಿಫೆನ್ಸ್ ಮುಗೀತು ಬಿಡು" ಅಂತ ತೀರ್ಪು ಕೊಟ್ರು. ಚಹಾ ಕೊಡ್ಲಿಕ್ಕೆ ಹೋದ ನಾನು "ಹಂಗೇನೂ ಆಗಂಗಿಲ್ಲ" ಅಂದೆ. ಎಲ್ಲಾರೂ ನಕ್ರು. ಅದಕ್ಕ ಇಲ್ಲೆ ಬರೀಲಿಕ್ಕತ್ತೀನಿ.

ಧಾರವಾಡದ ನಮ್ಮ ವೈನಿ ಫೋನಿನ್ಯಾಗ ಕೇಳಿದ್ರು, "ಅಲ್ಲವಾ, ಫುಟ್ಬಾಲ್ ಅಂದ್ರ ಕಾಲಿಲೆ ಆಡೂದಲ್ಲೇನು?" ಅಲ್ಲರಿ ವೈನಿ, ಇಲ್ಲಿದು ಚಂಡು ಕೈಯಾಗ ಹಿಡಕೊಂಡು ಓಡೂದು. ಹನ್ನೊಂದು ಮಂದಿ ಒಯ್ಯವರು, ಹನ್ನೊಂದು ಮಂದಿ ತಡ್ಯವರು. ನಾಲ್ಕು ಸಲದಾಗ ಹತ್ತು ಗಜ ಮುಂದ ಹೋಗಬೇಕು, ಇಲ್ಲಾಂದ್ರ ಚಂಡು ಎದುರಿನವರಿಗೆ. ನಮ್ಮ ಕಬಡ್ಡಿಯೊಳಗ ಬಂದವನ್ನ ಹಿಡದು ಕೆಡವತಾರಲ್ಲ, ಆ ಕೆಲಸಾನ ಡಿಫೆನ್ಸ್.

ಹೋದ ವರ್ಷ ನಮ್ಮವರ ಡಿಫೆನ್ಸ್ ಒಂದ ಆಟಕ್ಕ ಸರಾಸರಿ 12.9 ಪಾಯಿಂಟ್ ಅಷ್ಟ ಬಿಟ್ಟುಕೊಟ್ಟಿತ್ತು. ಇಡೀ ದೇಶದಾಗ ಅದಕ್ಕಿಂತ ಕಡಿಮಿ ಯಾರೂ ಕೊಟ್ಟಿಲ್ಲ. ಹಂಗಿದ್ರೂ ನವೆಂಬರಿನ್ಯಾಗ ಮಿಶಿಗನ್ ಎದುರು 13-10ಕ್ಕ ಸೋತ್ರು. ಬರೇ 13 ಪಾಯಿಂಟ್ ಕೊಟ್ಟ ಹುಡುಗರ ತಪ್ಪೇನು? ಆದ್ರ ಅವತ್ತು ರಾತ್ರಿ ನಮ್ಮ ಮನ್ಯಾಗ ಬೈಸಿಕೊಂಡವರೊಳಗ ಅವರೂ ಇದ್ರು. ತಡದದ್ದು ಯಾರ ಕಣ್ಣಿಗೂ ಬೀಳಂಗಿಲ್ಲ, ಬಿಟ್ಟದ್ದು ಎಲ್ಲಾರಿಗೂ ಕಾಣಸ್ತದ. ಹಾಲು ಉಕ್ಕದಂಗ ನಿಂತು ಕಾಯ್ದಾಕಿಗೆ ಯಾರರೆ ಶಭಾಷ್ ಅಂದಾರೇನು?

ಜನವರಿಯೊಳಗ ಇದ ಟೆಕ್ಸಸ್ ಎದುರು ಆದದ್ದು ಮಾತ್ರ ಎಲ್ಲಾರಿಗೂ ಕಂಡಿತು. ಗೆರಿಗೆ ಬರೇ ಒಂದು ಗಜ ಉಳಿದಿತ್ತು, ಇನ್ನೇನು ಸರಿಸಮ ಆಗತಾರ ಅನ್ನೂದ್ರಾಗ ನಮ್ಮವರು ಹಿಂದ ನೂಕಿದ್ರು. ನಾಲ್ಕನೇ ಸಲಕ್ಕ ಜ್ಯಾಕ್ ಸಾಯರ್ ಅವರ ಕ್ವಾರ್ಟರ್‌ಬ್ಯಾಕಿನ ಕೈಯಾಗಿಂದ ಚಂಡು ಕೆಡವಿ, ತಾನ ಎತಗೊಂಡು 83 ಗಜ ಓಡಿದ. ನಾ ಕುಕ್ಕರ್ ಸೀಟಿ ಎಣಿಸೂದು ಮರತು ಬ್ಯಾಳಿ ತಳ ಹಿಡಸಿದ್ದು ಅವತ್ತ.

ಆ ಸಾಯರ್ ಈಗಿಲ್ಲ. ಮುಂದಿನ ಸಾಲಿನ ನಾಲ್ಕೂ ಮಂದಿ ಹೋಗ್ಯಾರ. ಈ ಏಪ್ರಿಲಿನ ಡ್ರಾಫ್ಟಿನ್ಯಾಗ ಡಿಫೆನ್ಸಿನ ಎಂಟು ಹುಡುಗರು ಎನ್‌ಎಫ್‌ಎಲ್‌ಗೆ ಆರಿಸಿ ಹೋದ್ರು. ಗಂಡಸರು ಹೆದರೂದು ಇದಕ್ಕ. ಆದ್ರ ಹೊಸಬರು ಅಂದ್ರ ನಿನ್ನೆ ಬಂದವರಲ್ಲರಿ. ಕೇಡನ್ ಕರಿ, ಕೆನ್ಯಾಟಾ ಜ್ಯಾಕ್ಸನ್ 2022ಕ್ಕ ಬಂದವರು, ಮೂರು ವರ್ಷ ದೊಡ್ಡವರ ಹಿಂದ ನಿಂತು ಕಲತಾರ. ಕಲಸೂ ಲ್ಯಾರಿ ಜಾನ್ಸನ್ನರು 2014ರಿಂದ ಅಲ್ಲೇ ಇದ್ದಾರ. ನನಗ ಸ್ವಲ್ಪ ಅಂಜಿಕಿ ಇರೂದು ನಟ್ಟನಡುವಿನ ಇಬ್ಬರ ಜಾಗಾದ್ದು. ಅಲ್ಲೆ ಬಂದ ಪೆಟ್ಟು ತಿಂದು ಅಲ್ಲಾಡದ ನಿಲ್ಲಬೇಕು. ಕೇಡನ್ ಮ್ಯಾಕ್‌ಡೊನಾಲ್ಡ್ ನಿಲ್ತಾನ ಅನಸ್ತದ, ಅವನ ಜೋಡಿಯವರು ಒಂದೆರಡು ಆಟ ತಡವರಿಸಬಹುದು.

ಹಿಂದಿನ ಸಾಲಿಗೆ ಕೇಲಬ್ ಡೌನ್ಸ್ ಇದ್ದಾನ. ಅಲಬಾಮಾದಾಗ ದೊಡ್ಡ ಕೋಚ್ ನಿಕ್ ಸೇಬನ್ ನಿವೃತ್ತಿ ಆದ ಮ್ಯಾಲೆ 2024ಕ್ಕ ಇಲ್ಲಿಗೆ ಬಂದ ಹುಡುಗ. ಮುಂದಿನವರಿಗೆ ತಪ್ಪಿದ್ದು ಇವಗ ತಪ್ಪೂದು ಭಾಳ ಕಡಿಮಿ. ಚಂಡು ಕೈ ಬಿಡೂಕ್ಕಿಂತ ಮೊದಲ ಅದು ಎಲ್ಲಿ ಬೀಳ್ತದ ಅಂತ ಗೊತ್ತಿದ್ದವನಂಗ ಓಡತಾನ. ನಡುವ ಸನ್ನಿ ಸ್ಟೈಲ್ಸ್, ಮೊದಲ ಹಿಂದಿನ ಸಾಲಿನ್ಯಾಗ ಇದ್ದು ಹೋದ ವರ್ಷ ಲೈನ್‌ಬ್ಯಾಕರ್ ಆದವ. ಇಗ್ಬಿನೋಸನ್ ಕೈ ಹಚ್ಚಿ ಪೆನಾಲ್ಟಿ ಕೊಡೂದು ಬಿಟ್ರ ಆ ಕಡಿ ಚಿಂತಿ ಇಲ್ಲ. ಹೋದ ವರ್ಷ ಅವಗ ನಾನೂ ಭಾಳ ಬೈದೀನಿ.

ನನ್ನ ಖರೇ ಚಿಂತಿ ಹುಡುಗರದಲ್ಲ, ಯೋಜನಾ ಹಾಕವರದು. ಡಿಫೆನ್ಸ್ ನಡಸತಿದ್ದ ಜಿಮ್ ನೋಲ್ಸ್ ಚಾಂಪಿಯನ್‌ಶಿಪ್ ಗೆದ್ದ ಕೆಲವೇ ದಿನದಾಗ ಪೆನ್ ಸ್ಟೇಟಿಗೆ ಹೋದ್ರು. ನವೆಂಬರ್ 1ಕ್ಕ ಅದ ತಂಡ ತಗೊಂಡು ಇಲ್ಲಿಗೇ ಬರತಾರ. ನಮ್ಮನಿ ಸಾರಿನ ಪುಡಿ ಲೆಕ್ಕಾ ಪೂರ್ತಿ ಗೊತ್ತಿದ್ದವರು ಎದುರು ಮನಿ ಬೀಗತಿ ಆಗಿ ಬಂದಂಗ! ಅವರ ಜಾಗಾಕ್ಕ ಬಂದ ಮ್ಯಾಟ್ ಪೆಟ್ರೀಷಿಯಾ ಶಾಣ್ಯಾ ಮನಷ್ಯಾ, ವಿಮಾನದ ಇಂಜಿನಿಯರಿಂಗ್ ಓದಿದವರು. ಪೇಟ್ರಿಯಟ್ಸ್ ತಂಡದಾಗ ಇದ್ದು ಸೂಪರ್ ಬೌಲ್ ಗೆದ್ದಾರ, ಆದ್ರ ಡೆಟ್ರಾಯಿಟ್ ತಂಡದ ಹಿರಿಯ ಕೋಚ್ ಆಗಿ 2020ಕ್ಕ ಕೆಲಸಾ ಕಳಕೊಂಡ್ರು. ಕಾಲೇಜ್ ಹುಡುಗರಿಗೆ ಕಲಸಿ ಇಪ್ಪತ್ತು ವರ್ಷದ ಮ್ಯಾಲಾತು. ದುಡ್ಡು ತಗೊಂಡು ಆಡೂ ದೊಡ್ಡವರಿಗೆ ಹೇಳಿದ್ದನ್ನೆಲ್ಲಾ ಕ್ಲಾಸ್, ಪರೀಕ್ಷಾ ಇರೂ ಇಪ್ಪತ್ತರ ಹುಡುಗರ ತಲಿಯೊಳಗ ತುಂಬಲಿಕ್ಕೆ ಹೋದ್ರ ಕಷ್ಟ. ಸರಳ ಇಟ್ರ ಗೆದ್ರು.

ಹೋದ ವರ್ಷದಂಗ ದೇಶಕ್ಕ ಮೊದಲನೇವರು ಆಗತಾರ ಅಂತ ನಾ ಹೇಳಂಗಿಲ್ಲ. ಆದ್ರ ಶನಿವಾರ ಟೆಕ್ಸಸ್ಸಿಗೆ ಇಪ್ಪತ್ತು ಪಾಯಿಂಟ್ ದಾಟಗೊಡಂಗಿಲ್ಲ. ಎದುರಿಗೆ ಆರ್ಚ್ ಮ್ಯಾನಿಂಗ್ ಇದ್ದಾನ, ದೊಡ್ಡ ಮನೆತನದ ಹುಡುಗ, ಖರೇ. ಆದ್ರ ಒಂದು ಲಕ್ಷದ ಮ್ಯಾಲೆ ಮಂದಿ ಒದರೂ ನಮ್ಮ ಸ್ಟೇಡಿಯಮ್ಮಿನ್ಯಾಗ ಮೊದಲನೇ ಆಟಾನ ಅವಗ ಬಿದ್ದದ. ನವೆಂಬರ್ 29ಕ್ಕ ಮಿಶಿಗನ್ನಿಗೆ ಹೋಗೂದ್ರಾಗ ಮುಂದಿನ ಸಾಲೂ ಗಟ್ಟಿ ಆಗಿರ್ತದ. ಬರದ ಇಟಗೋರಿ. ತಪ್ಪಿದ್ರ ಫೋನ್ ಮಾಡಿ ನಗರಿ, ಬ್ಯಾಡ ಅನ್ನಂಗಿಲ್ಲ.

ಶನಿವಾರ ಭಜಿ ಹನ್ನೊಂದೂವರಿಗೇ ಕರದು ಟೇಬಲ್ ಮ್ಯಾಲೆ ಇಡತೀನಿ. ಹನ್ನೆರಡಕ್ಕ ನಾನೂ ಸೋಫಾದ ಮ್ಯಾಲೆ. ನಡುವ ಚಹಾ ಬೇಕಾದವರು ಎದ್ದು ಹೋಗಿ ಮಾಡಕೋಬೇಕು, ನಮ್ಮವರಿಗೆ ಈಗಾಗ್ಲೇ ಹೇಳೀನಿ.