ಹೆಣ್ಣುಮಕ್ಕಳೂ ದೂರದ ಸೈಕಲ್ ಸವಾರಿಯೂ

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಶಾಲೆಯ ಸವಿನೆನಪುಗಳನ್ನು ಬರೆಯತಕ್ಕವರು ನನಗಿಂತ ಸಮರ್ಥರು ಅನೇಕರಿರುವರೆಂದು ತಿಳಿದು, ನಾನು ತಾಯಿತಂದೆಗಳ ಮುಂದೆ ಒಂದು ಬಿನ್ನಹವನ್ನಿಡಲು ನಿಶ್ಚಯಿಸಿದೆನು. ಅದು ಯಾವುದೆಂದರೆ: ನಿಮ್ಮ ಹೆಣ್ಣುಮಕ್ಕಳನ್ನು ವರ್ಷದಲ್ಲಿ ಕೆಲವು ದಿನಗಳಾದರೂ ಸೈಕಲ್ಲಿನ ಮೇಲೆ ಹಳ್ಳಿಗಾಡಿನ ದೂರದ ದಾರಿಗಳಿಗೆ, ಏರಿಳಿತವೂ ಎದುರುಗಾಳಿಯೂ ಉಳ್ಳ ದಾರಿಗಳಿಗೆ, ಗುಂಪಾಗಿ ಹೋಗಗೊಡಿರಿ.

ಸೈಕಲ್ಲು ಹುಡುಗಿಯರ ವಿದ್ಯೆಗೆ ನೆರವಾಯಿತೆಂಬುದನ್ನು ಈಗ ವಾದಿಸಿ ತೋರಿಸಬೇಕಾದುದಿಲ್ಲ. ಬಿಹಾರ ಸರಕಾರವು 2006ರಲ್ಲಿ ಪ್ರೌಢಶಾಲೆಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆಯನ್ನು ಆರಂಭಿಸಿತು. ಅದರ ಫಲವನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬವರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆ ನೂರಕ್ಕೆ ಸುಮಾರು 30ರಷ್ಟು ಹೆಚ್ಚಿತೆಂದು ಕಂಡರು. ನಮ್ಮ ಕರ್ನಾಟಕದಲ್ಲಿಯೂ 2006-07ರಿಂದ ಎಂಟನೆಯ ತರಗತಿಯವರಿಗೆ ಸೈಕಲ್ ಹಂಚುವ ಏರ್ಪಾಡು ಹಲವು ವರ್ಷ ನಡೆಯಿತು. ಆದರೆ ಆ ಸೈಕಲ್ಲು ಹೋಗುವುದೆಲ್ಲಿಗೆ? ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಿತೆಂದರೆ ಅದು ತಮ್ಮನ ಪಾಲಾಗುವುದು, ಇಲ್ಲವೆ ಹಿತ್ತಿಲ ಗೋಡೆಗೆ ಒರಗಿ ತುಕ್ಕು ಹಿಡಿಯುವುದು. ಹುಡುಗಿಗೆ ಗಾಲಿಯನ್ನು ಕೊಟ್ಟು ದಾರಿಯನ್ನು ಕೊಡದಿರುವುದು ಅರ್ಧ ದಾನವೇ ಸರಿ.

ಇದಕ್ಕೆ ಬರುವ ಆಕ್ಷೇಪಗಳು ಬಹಳ ಹಳೆಯವು. 1890ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಕೆಲವು ವೈದ್ಯರು, ಸವಾರಿ ಮಾಡುವ ಸ್ತ್ರೀಯರ ಮುಖವು ಬಿಗಿದು ವಿಕಾರವಾಗುವುದೆಂದು ಹೆದರಿಸಿ, ಆ ಬೇನೆಗೆ ‘ಬೈಸಿಕಲ್ ಮುಖ’ವೆಂದು ಹೆಸರನ್ನೂ ಇಟ್ಟಿದ್ದರು. ಅದೇ ಕಾಲದಲ್ಲಿ ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲರ್ಡ್ ತಮ್ಮ 53ನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, 1895ರಲ್ಲಿ ಆ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ, 1991ರಲ್ಲಿ ತೊಡಗಿದ ಸಾಕ್ಷರತಾ ಚಳವಳಿಯೊಡನೆ, ಸಾವಿರಾರು ಮಂದಿ ಗ್ರಾಮದ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಕೂಲಿ ಮಾಡುವವರೂ ಇದ್ದರು, ಮಕ್ಕಳ ತಾಯಂದಿರೂ ಇದ್ದರು. ಯಾರ ಮುಖವೂ ವಿಕಾರವಾಗಲಿಲ್ಲ.

ಇನ್ನು ನಾನೇ ಕಂಡುಂಡ ಒಂದು ಸಂಗತಿಯನ್ನು ಹೇಳುವೆನು. ಅದು ನನಗೆ ಕೀರ್ತಿ ತರುವಂಥದಲ್ಲ. ಕೆಲವು ವರ್ಷಗಳ ಹಿಂದೆ ಆಷಾಢಮಾಸದ ಒಂದು ಭಾನುವಾರ, ಎಂಟು ಮಂದಿ ಹಳೆಯ ವಿದ್ಯಾರ್ಥಿನಿಯರು ಗದಗಿನಿಂದ ಡಂಬಳಕ್ಕೆ ಹೊರಟೆವು. ಹೋಗಿಬರುವುದಕ್ಕೆ ಸುಮಾರು 40 ಕಿಲೋಮೀಟರು. ಹೋಗುವಾಗ ಪಡುವಣ ಗಾಳಿ ಬೆನ್ನ ಮೇಲಿದ್ದುದರಿಂದ ಏರುಗಳು ಏರುಗಳೆಂದೇ ತೋರಲಿಲ್ಲ. ನಕ್ಷತ್ರಾಕಾರವಾಗಿ ಕಟ್ಟಿದ ದೊಡ್ಡಬಸಪ್ಪನ ಗುಡಿಯನ್ನು ನೋಡಿ, ಕೆರೆಯ ಏರಿಯ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳನ್ನು ತಿಂದು, ನಮ್ಮ ಶಕ್ತಿಯನ್ನು ನಾವೇ ಹೊಗಳಿಕೊಂಡು ಹಿಂದಿರುಗಿದೆವು. ಆಗ ತಿಳಿಯಿತು, ಅದು ನಮ್ಮ ಶಕ್ತಿಯಾಗಿರಲಿಲ್ಲ, ಗಾಳಿಯದಾಗಿತ್ತು. ಕಪ್ಪತಗುಡ್ಡದ ಕಡೆಯಿಂದ ಎರೆಹೊಲಗಳ ಮೇಲೆ ತಡೆಯಿಲ್ಲದೆ ಬರುವ ಆ ಗಾಳಿ ಎಡಗಡೆಯಿಂದ ಓರೆಯಾಗಿ ಎದೆಗೆ ಹೊಡೆಯತೊಡಗಿತು. ನಾನು ಗುಂಪಿನಲ್ಲಿ ಬಲಶಾಲಿ ಎಂಬ ಹೆಮ್ಮೆಯಿಂದ ತಲೆ ತಗ್ಗಿಸಿ ಮುಂದೆ ಹೋದೆನು, ಹಿಂದಿರುಗಿ ನೋಡಲಿಲ್ಲ. ಒಂದು ಚಹದ ಅಂಗಡಿಯಲ್ಲಿ ನಿಂತು ಎಣಿಸಿದಾಗ ಏಳು ಮಂದಿ ಮಾತ್ರ ಇದ್ದೆವು. ಮುಕ್ಕಾಲು ಗಂಟೆ ಕಾದು ನಾನು ಹಿಂದಕ್ಕೆ ಹೋದೆನು. ಅದೇ ವರ್ಷ ಸೈಕಲ್ ಕಲಿತಿದ್ದ, ಎರಡು ಮಕ್ಕಳ ತಾಯಿಯಾದ ಆ ಗೆಳತಿ ಒಬ್ಬಳೇ ಸೈಕಲ್ಲನ್ನು ನೂಕಿಕೊಂಡು ನಡೆದು ಬರುತ್ತಿದ್ದಳು. “ಅಕ್ಕಾರ, ದಾರಿ ದೂರ ಆಗಲಿಲ್ಲರಿ, ನೀವು ದೂರ ಆದ್ರಿ” ಎಂದಳು. ಬಳಿಕ ಒಂದು ವರ್ಷ ಆಕೆ ಸೈಕಲ್ಲನ್ನು ಮುಟ್ಟಲಿಲ್ಲ.

ಈ ತಪ್ಪಿನಿಂದ ನಾನು ಕಲಿತುದು ಇಷ್ಟು. ಕಡಿದಾದ ಏರಿನಲ್ಲಿ ವೇಗ ಕಡಿಮೆ. ಅಲ್ಲಿ ಹೋರಾಟವು ನಮ್ಮ ತೂಕದೊಡನೆ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬಂತೆ ಪ್ರತಿಯೊಬ್ಬಳೂ ಹಗುರವಾದ ಗೇರು ಹಾಕಿ ತನ್ನ ಉಸಿರಿಗೆ ತಕ್ಕಂತೆ ಹತ್ತಬೇಕು. ತುದಿಯಲ್ಲಿ ಎಲ್ಲರೂ ಕಾಯಬೇಕು. ಗಾಳಿಯ ನ್ಯಾಯ ಬೇರೆ. ಗಾಳಿಯಲ್ಲಿ ವೇಗ ಎರಡರಷ್ಟಾದರೆ ಅದರ ತಡೆ ನಾಲ್ಕರಷ್ಟಾಗುವುದು. ಆದರೆ ಒಬ್ಬಳ ಹಿಂದೆ ಒಬ್ಬಳು ಹತ್ತಿರವಾಗಿ ನಡೆದರೆ, ಹಿಂದಿನವಳ ಶ್ರಮ ಸಮನಾದ ದಾರಿಯಲ್ಲಿ ನಾಲ್ಕರಲ್ಲೊಂದು ಪಾಲು, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಉಳಿಯುವುದು. ಆದಕಾರಣ ಬಲವುಳ್ಳವರು ಸರದಿಯಂತೆ ಮುಂದೆ ನಿಂತು ಗಾಳಿಯನ್ನು ತಾಳಿಕೊಂಡು, ದುರ್ಬಲರನ್ನು ನಡುವೆ ಇಟ್ಟುಕೊಂಡು ಹೋಗತಕ್ಕದ್ದು. ನಾನು ಅಂದು ನನ್ನ ಬಲವನ್ನು ಗೆಳತಿಗೆ ಮರೆಯಾಗಿ ಕೊಡಬಹುದಾಗಿತ್ತು, ಕೊಡಲಿಲ್ಲ.

ಅಪಾಯದ ಚಿಂತೆ ತಾಯಿತಂದೆಗಳಿಗೆ ಸಹಜವಾದುದು. ಅದನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಲಾರಿಗಳು ಓಡುವ ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ರಸ್ತೆಯನ್ನು ಹಿಡಿಯಲಿ. ದೊಡ್ಡ ವಾಹನ ಪಕ್ಕಕ್ಕೆ ಬಂದಾಗ ಗಾಳಿ ಒಮ್ಮೆಲೆ ನಿಂತು ಮತ್ತೆ ಹೊಡೆಯುವುದರಿಂದ ಕೈ ಭದ್ರವಾಗಿರಲಿ. ಇಳಿಜಾರಿನಲ್ಲಿ ನಡುವೆ ಹೆಚ್ಚು ಅಂತರವಿಟ್ಟು, ಎರಡು ಬ್ರೇಕುಗಳನ್ನೂ ಮೆಲ್ಲನೆ ಹಿಡಿಯಲಿ. ತಲೆಗೆ ಹೆಲ್ಮೆಟ್ಟು, ಜೊತೆಯಲ್ಲಿ ನೀರು, ಪಂಪು, ಪಂಕ್ಚರ್ ತಿದ್ದುವ ಸಾಮಾನು ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟಕಡೆಯಲ್ಲಿ ಅನುಭವಸ್ಥಳೊಬ್ಬಳು ಬರುವ ನಿಯಮವಿರಲಿ. ಅವಳ ಹಿಂದೆ ಯಾರೂ ಉಳಿಯಕೂಡದು. ಇಷ್ಟರ ಮೇಲೂ ಕಾಲು ತರಚಬಹುದು. ಆದರೆ ಮನೆಯೊಳಗೆ ಕೂಡಿಸಿ ಬೆಳೆಸಿದ ಮಗಳಿಗೆ ಮುಂದೆ ಬದುಕಿನಲ್ಲಿ ಬೀಸುವ ಗಾಳಿಗೆ ನಾವು ಯಾವ ಔಷಧವನ್ನು ಇಟ್ಟಿದ್ದೇವೆ?

ಶಾಲೆಯ ಆಟದ ಬಯಲಿನಲ್ಲಿ ಒಬ್ಬಳು ಗೆದ್ದರೆ ಮತ್ತೊಬ್ಬಳು ಸೋಲಬೇಕು. ದೂರದ ಸವಾರಿಯಲ್ಲಿ ಹಾಗಿಲ್ಲ. ಕೊನೆಯವಳು ಮನೆ ಮುಟ್ಟಿದಾಗಲೇ ಎಲ್ಲರ ಗೆಲವು. ಈ ಪಾಠವನ್ನು ನಮ್ಮ ಹುಡುಗಿಯರು ನನ್ನಂತೆ ನಡುವಯಸ್ಸಿನಲ್ಲಿ ನಾಚಿಕೆಪಟ್ಟು ಕಲಿಯದೆ, ಹದಿನೈದರಲ್ಲಿಯೇ ನಗುತ್ತ ಕಲಿಯಲಿ ಎಂಬುದೇ ನನ್ನ ಆಶೆ.

ಆ ಗೆಳತಿಯ ಮನೆಗೆ ನಾನು ಹೋಗಿ ಕ್ಷಮೆ ಬೇಡಿದೆನು. ಕಳೆದ ಆಷಾಢದಲ್ಲಿ ಆಕೆ ಮತ್ತೆ ಡಂಬಳಕ್ಕೆ ಬಂದಳು. ಹನ್ನೆರಡು ವರ್ಷದ ಮಗಳನ್ನೂ ಕರೆತಂದಳು. ಹಿಂದಿರುಗುವಾಗ ಗಾಳಿ ಹಾಗೆಯೇ ಇತ್ತು. ಆ ಹುಡುಗಿಯನ್ನು ನನ್ನ ಬೆನ್ನ ಮರೆಯಲ್ಲಿಟ್ಟುಕೊಂಡು ಬಂದೆನು. ನಮ್ಮೆಲ್ಲರ ಹಿಂದೆ, ಕಟ್ಟಕಡೆಯ ಕಾವಲಿಗೆ, ಅವಳ ತಾಯಿ ಬಂದಳು.