ಉದ್ಯಾನದ ಉತ್ಸವವೂ ಅಟ್ಟದ ಕೊಬ್ಬರಿಯೂ

ರಾಜಧಾನಿಯಲ್ಲಿ ಈಚೆಗೆ ಒಂದು ಹೊಸ ಪದ್ಧತಿ ಬೇರೂರುತ್ತಿದೆ. ಶನಿವಾರ ಭಾನುವಾರಗಳಂದು ಯಾವುದಾದರೊಂದು ಉದ್ಯಾನದಲ್ಲಿ ಚಪ್ಪರ ಹಾಕಿ, ಬೆಳಗ್ಗೆ ಯೋಗ ಧ್ಯಾನಗಳನ್ನೂ, ಹಗಲೆಲ್ಲ ಗ್ರಂಥಕರ್ತರ ಸಂವಾದವನ್ನೂ, ಸಂಜೆ ಸಂಗೀತವನ್ನೂ ಏರ್ಪಡಿಸಿ, ಅದನ್ನು ಸಾಹಿತ್ಯ ಮತ್ತು ಸ್ವಾಸ್ಥ್ಯದ ಉತ್ಸವವೆಂದು ಕರೆಯುವುದೇ ಆ ಪದ್ಧತಿ. ಬೆಂಗಳೂರಿನಲ್ಲಿ ಆದದ್ದು ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ಬರಲು ಬಹಳ ಕಾಲ ಹಿಡಿಯುವುದಿಲ್ಲ. ಆದ್ದರಿಂದ ಬರುವ ಮೊದಲೇ ಅದರ ಯೋಗ್ಯತೆಯನ್ನು ವಿಚಾರಮಾಡುವುದು ಒಳ್ಳೆಯದು.

ಮರದ ನೆರಳಿನಲ್ಲಿ ಜನರು ಪುಸ್ತಕಕ್ಕಾಗಿ ನೆರೆಯುವುದನ್ನು ಯಾರೂ ಹಳಿಯಲಾರರು. ಯೋಗಾಭ್ಯಾಸವನ್ನಂತೂ ಹಳಿಯಬೇಕಾದದ್ದೇ ಇಲ್ಲ. ಆಕ್ಷೇಪಣೆಯಿರುವುದು ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟುವುದರಲ್ಲಿ. ಕಾವ್ಯವನ್ನು ಸ್ವಾಸ್ಥ್ಯದ ಮಗ್ಗುಲಲ್ಲಿ ಕೂರಿಸಿದ ಕ್ಷಣದಿಂದಲೇ ಅದಕ್ಕೊಂದು ಊಳಿಗ ಗೊತ್ತಾಗುತ್ತದೆ. ಅದು ಮನಸ್ಸನ್ನು ಹಗುರಮಾಡಬೇಕು, ನಿದ್ರೆ ತರಿಸಬೇಕು, ಸೋಮವಾರದ ಕಚೇರಿಗೆ ಉತ್ಸಾಹ ತುಂಬಬೇಕು. ಈ ಊಳಿಗವನ್ನು ಮಾಡಲೊಲ್ಲದ ಕಾವ್ಯದ ಗತಿಯೇನು?

ಈ ಸೀಮೆಯವರಿಗೆ ಇದು ದೂರದ ಪ್ರಶ್ನೆಯಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ ದುರಂತ ನಾಟಕವನ್ನು ಕನ್ನಡಕ್ಕೆ ತರಲು ಹೊರಟಾಗ ಸಾಫೊಕ್ಲಿಸನ ಅಯಾಸನ ಕಥೆಯನ್ನು ಆರಿಸಿಕೊಂಡು ‘ಅಶ್ವತ್ಥಾಮನ್’ ರಚಿಸಿದರು. ಮಾನಭಂಗದಿಂದ ಬೆಂದು ತನ್ನ ಕೈಯಿಂದಲೇ ಅಳಿಯುವ ವೀರನ ಕಥೆ ಅದು. ಸ್ವಾಸ್ಥ್ಯದ ಚಪ್ಪರದಲ್ಲಿ ಇದಕ್ಕೆ ಯಾವ ಹೊತ್ತನ್ನು ಗೊತ್ತುಮಾಡುವರು? ಪ್ರಾಣಾಯಾಮಕ್ಕೆ ಮೊದಲೋ, ಅನಂತರವೋ? ಶ್ರೇಷ್ಠ ಕಾವ್ಯದ ಬಹುಭಾಗ ಶೋಕದಿಂದಲೇ ಹುಟ್ಟಿದೆ. ಅದನ್ನು ಸೋಸಿ ತೆಗೆದ ಮೇಲೆ ಉಳಿಯುವುದು ಸವಿಮಾತುಗಳ ಸಂಗ್ರಹ ಮಾತ್ರ.

ಇದಕ್ಕೆ ಪ್ರತಿವಾದಿಗಳು ಶಾಸ್ತ್ರವನ್ನೇ ಮುಂದೊಡ್ಡಬಹುದು. ಅಮಂಗಳನಾಶವೂ ಕಾವ್ಯದ ಪ್ರಯೋಜನಗಳಲ್ಲಿ ಒಂದೆಂದು ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಹೇಳಿಲ್ಲವೆ? ಸೂರ್ಯನನ್ನು ಸ್ತುತಿಸಿದ ಮಯೂರಕವಿಯ ರೋಗ ವಾಸಿಯಾಯಿತೆಂಬ ಐತಿಹ್ಯವಿಲ್ಲವೆ? ಉಂಟು. ಆದರೆ ಅದೇ ಮಮ್ಮಟನು ಪ್ರಯೋಜನಗಳಿಗೆಲ್ಲ ಕಿರೀಟಪ್ರಾಯವೆಂದು ಎಣಿಸಿದ್ದು ರೋಗಪರಿಹಾರವನ್ನಲ್ಲ. ಓದಿದ ಕೂಡಲೇ ಉಂಟಾಗುವ, ಬೇರೆಲ್ಲವನ್ನೂ ಮರೆಸುವ ರಸಾನಂದವನ್ನು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ರಸವಿಚಾರವನ್ನೆಲ್ಲ ಕನ್ನಡಿಗರಿಗೆ ತಿಳಿಯಾಗಿ ಬಿಡಿಸಿಟ್ಟಿದ್ದಾರೆ. ಲೋಕದಲ್ಲಿ ದುಃಖವಾದದ್ದು ಕಾವ್ಯದಲ್ಲಿ ಆಸ್ವಾದ್ಯವಾಗುವುದು ಹೇಗೆಂಬುದೇ ಆ ಮೀಮಾಂಸೆಯ ತಿರುಳು. ಓದಿನಿಂದ ನೊಂದವರಿಗೆ ಸಮಾಧಾನ ದೊರೆಯುವುದು ನಿಜ. ಆದರೆ ಅದು ತಾನಾಗಿ ಬರುವ ಫಲವೇ ಹೊರತು ಕೊಂಡುಕೊಳ್ಳುವ ಪದಾರ್ಥವಲ್ಲ. ಮನೋವ್ಯಾಧಿಗೆ ವೈದ್ಯರಿದ್ದಾರೆ, ನಿಮ್ಹಾನ್ಸಿನಂಥ ಸಂಸ್ಥೆಯಿದೆ. ಅಲ್ಲಿಗೆ ಹೋಗಬೇಕಾದವನನ್ನು ಕವಿಗೋಷ್ಠಿಗೆ ಕಳುಹಿಸುವುದು ರೋಗಿಗೂ ಅಪಚಾರ, ಕವಿಗೂ ಅಪಚಾರ.

ಉದ್ಯಾನದಲ್ಲಿ ಓದಬಾರದೆಂದು ಇದರ ಅರ್ಥವಲ್ಲ. 1870ರಲ್ಲಿ ನಿರ್ಮಿತವಾದ ಕಬ್ಬನ್ ಪಾರ್ಕಿನಲ್ಲಿ 2023ರ ಆರಂಭದಿಂದ ಶನಿವಾರಗಳಂದು ಜನರು ತಂತಮ್ಮ ಪುಸ್ತಕ ತಂದು, ಚಾಪೆ ಹಾಸಿ, ಮಾತಿಲ್ಲದೆ ಓದಿ ಹೋಗುವ ಒಂದು ರೂಢಿ ಬೆಳೆದಿದೆ. ವೇದಿಕೆಯಿಲ್ಲ, ಹಾರವಿಲ್ಲ, ಅಧ್ಯಕ್ಷಭಾಷಣವಿಲ್ಲ. ಅನುಕರಿಸಬೇಕಾದರೆ ಇದನ್ನು ಅನುಕರಿಸಬೇಕು. ಅದೇ ಉದ್ಯಾನದ ನಡುವೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ಕೆಂಪು ಬಣ್ಣದ ಗೋಡೆಗಳೊಳಗೆ, ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಉದ್ಯಾನಕ್ಕೂ ಸಾಹಿತ್ಯಕ್ಕೂ ಸಂಬಂಧ ಕಲ್ಪಿಸಲು ಹೊಸ ಚಪ್ಪರವೇ ಬೇಕೆ?

ಮುಖ್ಯವಾದ ಮಾತು ಇಲ್ಲಿಯೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಆಸ್ತಿತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನು ಜನರು ತೆರುತ್ತಾರೆ. ಹೀಗೆ ವಸೂಲಾದ ಹಣ ಗ್ರಂಥಾಲಯಕ್ಕೆ ಸಲ್ಲದೆ ಬಾಕಿ ನಿಲ್ಲುವುದು ಬೆಂಗಳೂರಿನಲ್ಲಿಯೇ ಹಲವು ವರ್ಷಗಳ ವಾರ್ತೆ. ಗ್ರಾಮಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆಂದು ಹೆಸರು ಪಡೆದಿವೆ. ಹೆಸರು ಚೆನ್ನಾಗಿದೆ. ಆದರೆ ಅವುಗಳ ಕಪಾಟಿನಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ ಇದೆಯೇ, ‘ಅಶ್ವತ್ಥಾಮನ್’ ಇದೆಯೇ ಎಂದು ಹೋಗಿ ನೋಡಿದ ವಿದ್ಯಾವಂತರೆಷ್ಟು ಮಂದಿ? ಎರಡು ದಿನದ ಚಪ್ಪರ, ಧ್ವನಿವರ್ಧಕ, ಊಟ, ಫಲಕಗಳಿಗೆ ಆಗುವ ವೆಚ್ಚದಲ್ಲಿ ಇಂಥ ಕಪಾಟುಗಳೆಷ್ಟು ತುಂಬುವುವೆಂದು ಲೆಕ್ಕ ಹಾಕಿದವರು ಯಾರು? ಉತ್ಸವದ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಕಪಾಟಿನ ಚಿತ್ರ ಬರುವುದಿಲ್ಲ. ವ್ಯತ್ಯಾಸ ಅಷ್ಟೇ.

ತೆಂಗಿನ ಸೀಮೆಯ ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳನೀರನ್ನು ಕೊಚ್ಚಿದ ಗಳಿಗೆಯಲ್ಲಿಯೇ ಕುಡಿದು ದಾಹ ತೀರಿಸಿಕೊಳ್ಳಬಹುದು. ಬುರುಡೆಯನ್ನು ಬಿಸಾಡಿ ನಡೆಯಬಹುದು. ಉಂಡೆಕೊಬ್ಬರಿಯ ರೀತಿ ಬೇರೆ. ಬಲಿತ ಕಾಯಿ ಅಟ್ಟವನ್ನೇರಿ, ಹೆಚ್ಚುಕಡಮೆ ವರ್ಷಕಾಲ ಕತ್ತಲಲ್ಲಿ ಕುಳಿತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡುವಂತಾದ ಮೇಲೆಯೇ ತಿಪಟೂರಿನ ಮಾರುಕಟ್ಟೆಗೆ ಯೋಗ್ಯವಾಗುತ್ತದೆ. ಅದಕ್ಕೆ ಮುಂಚೆ ಒಡೆದವನಿಗೆ ನಷ್ಟವೇ ಗತಿ. ಎಳನೀರಿನ ಉತ್ಸವ ಬೇಕೆನ್ನುವವರು ಮಾಡಲಿ. ಬಿಸಿಲಿನಲ್ಲಿ ಅದಕ್ಕೂ ಬೆಲೆಯುಂಟು. ಆದರೆ ಅಟ್ಟವನ್ನು ಕಿತ್ತು ಚಪ್ಪರಕ್ಕೆ ಗಳು ಹೊಂದಿಸುವುದು ಮಾತ್ರ ಯಾವ ತೋಟಗಾರನೂ ಮಾಡತಕ್ಕ ಕೆಲಸವಲ್ಲ.